ನಮ್ಮ ಕೆಲಸ ಕಂಡವರು ಯಾರೂ ಇಲ್ಲದ ಜಾಗದಲ್ಲಿ

ಗಂಡನಿಗೆ ಬೇರೆ ರಾಜ್ಯಕ್ಕೆ ವರ್ಗವಾಯಿತು. ನಾನು ಕೆಲಸ ಬಿಟ್ಟು ಜೊತೆಗೆ ಹೊರಟೆ. ಇಬ್ಬರೂ ಕೂತು ಮಾತಾಡಿ ಮಾಡಿದ ತೀರ್ಮಾನ ಅದು, ಅದರ ಬಗ್ಗೆ ನನಗೆ ಬೇಸರವಿಲ್ಲ. ಅಲ್ಲಿಯವರೆಗೆ ಹಲವು ವರ್ಷ ಒಂದೇ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ತಿಂಗಳ ಕೊನೆಯ ಲೆಕ್ಕ ಮುಗಿಸುವುದು, ಆಡಿಟ್‌ಗೆ ಕಾಗದ ಹೊಂದಿಸುವುದು, ಬರಬೇಕಾದ ಬಾಕಿಯ ಬೆನ್ನು ಹತ್ತುವುದು. ಇಂಥ ಕೆಲಸ ಇಲ್ಲದ ಊರೇ ಇಲ್ಲ. ಹಾಗಾಗಿ ಹೋದಲ್ಲಿ ಬೇಗ ಕೆಲಸ ಸಿಗುತ್ತೆ ಅಂತ ಎಲ್ಲರೂ ಹೇಳಿದ್ದರು. ಬೇಗ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅಂತ ಯೋಚಿಸುತ್ತಾ ಹೋದಾಗ ತಿಳಿದದ್ದನ್ನು ಬರೆದಿಡುತ್ತಿದ್ದೇನೆ. ಇದೇ ಸ್ಥಿತಿಯಲ್ಲಿ ಈಗ ಇರುವ ಯಾರಿಗಾದರೂ ಉಪಯೋಗವಾಗಲಿ ಅಂತ.

ಹಳೆಯ ಜಾಗದಲ್ಲಿ ನನ್ನ ಕೆಲಸವನ್ನು ಕಣ್ಣಾರೆ ಕಂಡ ಜನ ತುಂಬಾ ಇದ್ದರು. ಪಕ್ಕದಲ್ಲಿ ಕೂತು ಕೆಲಸ ಮಾಡಿದವರಷ್ಟೇ ಅಲ್ಲ. ವರ್ಷಕ್ಕೊಮ್ಮೆ ಬರುವ ಆಡಿಟರ್, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ನಮಗೆ ಮಾಲು ಕಳಿಸುವ ಕಂಪನಿಗಳಲ್ಲಿ ಬಿಲ್ ನೋಡುವವರು, ಮೊದಲು ನಮ್ಮಲ್ಲಿದ್ದು ಆಮೇಲೆ ಬೇರೆ ಕಡೆ ಸೇರಿದವರು. ಇವರಲ್ಲಿ ಎಷ್ಟೋ ಜನರ ಮನೆ ಎಲ್ಲಿದೆ ಅಂತಲೂ ನನಗೆ ಗೊತ್ತಿಲ್ಲ. ಆದರೆ ನಾನು ಕೊಟ್ಟ ಲೆಕ್ಕವನ್ನು ಮತ್ತೆ ಕೂಡಿ ನೋಡಬೇಕಾಗಿಲ್ಲ ಅಂತ ಅವರಿಗೆ ಗೊತ್ತಿತ್ತು. ಎಲ್ಲಾದರೂ ಒಂದು ಜಾಗ ಖಾಲಿಯಾದರೆ ಯಾರೋ ಒಬ್ಬರು ನನ್ನ ಹೆಸರು ಹೇಳುತ್ತಿದ್ದರು. ನಾನು ಕೇಳದೆಯೇ ಹೇಳುತ್ತಿದ್ದರು. ರಾಜ್ಯ ಬದಲಾದ ಮೇಲೆ ಅದು ನಿಂತುಹೋಯಿತು. ನನಗೆ ಗೊತ್ತಿದ್ದ ಕೆಲಸದಲ್ಲಿ ಒಂದಿಷ್ಟೂ ಕಮ್ಮಿ ಆಗಿರಲಿಲ್ಲ. ಅದನ್ನು ಕಂಡವರು ಮಾತ್ರ ಹತ್ತಿರದಲ್ಲಿ ಯಾರೂ ಇರಲಿಲ್ಲ.

ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ತುಂಬಾ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಇಲ್ಲದಿದ್ದರೆ ಉತ್ತರ ಬಾರದ ಒಂದೊಂದು ಅರ್ಜಿಯೂ ನಮ್ಮ ಯೋಗ್ಯತೆಯ ಮೇಲೆ ಬಂದ ತೀರ್ಪಿನ ಹಾಗೆ ಕಾಣತೊಡಗುತ್ತದೆ. ನನಗೆ ಕೆಲಸ ಬರುವುದಿಲ್ಲವೇನೋ, ಇಷ್ಟು ವರ್ಷ ಸುಮ್ನೆ ಹೇಗೋ ನಡೆದುಹೋಯಿತೇನೋ ಅನ್ನಿಸುತ್ತದೆ. ಹಾಗಲ್ಲ. ಅರ್ಜಿ ನೋಡುವವರ ಮುಂದೆ ಇರುವುದು ಒಂದು ಹಾಳೆ. ಅದರಲ್ಲಿರುವ ಕಂಪನಿಯ ಹೆಸರು ಅವರು ಕೇಳಿದ್ದಲ್ಲ. ಅದರ ಬಗ್ಗೆ ವಿಚಾರಿಸೋಣ ಅಂದರೆ ಅಲ್ಲಿ ಅವರಿಗೆ ಯಾರೂ ಪರಿಚಯವಿಲ್ಲ. ಪಕ್ಕದಲ್ಲೇ ಅದೇ ಊರಿನವರ ಹಾಳೆ ಇದೆ. ಅವರನ್ನು ಬಲ್ಲ ಒಬ್ಬರು ಇದೇ ಆಫೀಸಿನಲ್ಲಿ ಇದ್ದಾರೆ. ಇಬ್ಬರಲ್ಲಿ ಯಾರನ್ನು ಕರೆಯುತ್ತಾರೆ, ಹೇಳಿ?

ಅರ್ಥಶಾಸ್ತ್ರಜ್ಞ ಜೇಕಬ್ ಮಿನ್ಸರ್ 1978ರಲ್ಲಿ ಕುಟುಂಬಗಳ ವಲಸೆಯ ಬಗ್ಗೆ ಒಂದು ಲೇಖನ ಬರೆದರು. ಇಡೀ ಮನೆಗೆ ಒಟ್ಟಿನಲ್ಲಿ ಲಾಭ ಆಗುವುದರಿಂದ ಕುಟುಂಬ ಊರು ಬಿಡುತ್ತದೆ. ಆದರೆ ಇಬ್ಬರಲ್ಲಿ ಒಬ್ಬರು ತಮ್ಮ ದುಡಿಮೆಯಲ್ಲಿ ನಷ್ಟವಾದರೂ ಜೊತೆಗೆ ಹೋಗುತ್ತಾರೆ. ಹಾಗೆ ಹೋಗುವವರ ಲೆಕ್ಕವನ್ನೂ ಇಡಬೇಕು ಅಂತ ಅವರು ತೋರಿಸಿದರು. ಆಮೇಲೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಆ ಒಬ್ಬರು ಜಾಸ್ತಿ ಹೆಂಡತಿಯೇ ಆಗಿರುವುದು ಕಂಡುಬಂದಿದೆ. ನನಗೆ ಇದನ್ನು ಓದಿ ಸಮಾಧಾನವಾಯಿತು. ಮನೆಯಲ್ಲಿ ಒಬ್ಬರು ಹೊಸ ಆಫೀಸಿಗೆ ಹೋದ ದಿನವೇ ಅವರಿಗೆ ಜನ ಸಿಗುತ್ತಾರೆ. ಮೇಜು, ಗುರುತಿನ ಚೀಟಿ, ಜೊತೆಗೆ ಊಟಕ್ಕೆ ಕರೆಯುವವರು, ಎಲ್ಲವೂ ಸಿಗುತ್ತದೆ. ಇನ್ನೊಬ್ಬರಿಗೆ ಇದ್ಯಾವುದೂ ಇರುವುದಿಲ್ಲ. ಒಂದೇ ಊರಿಗೆ ಬಂದರೂ ಇಬ್ಬರೂ ಬಂದು ತಲುಪಿದ ಜಾಗ ಒಂದೇ ಅಲ್ಲ. ಇದನ್ನು ಗಂಡನ ಹತ್ತಿರ ಹೇಳಿಕೊಂಡಾಗ ಅವರು ಅರ್ಥ ಮಾಡಿಕೊಂಡರು. ಹೇಳಿಕೊಳ್ಳುವುದು ಒಳ್ಳೆಯದು. ಹೇಳದಿದ್ದರೆ ಅದು ಬೇರೆ ಯಾವುದೋ ವಿಷಯಕ್ಕೆ ಸಿಟ್ಟಾಗಿ ಹೊರಗೆ ಬರುತ್ತದೆ.

ಹಾಗಾದರೆ ನಮ್ಮನ್ನು ಬಲ್ಲವರನ್ನು ಹೊಸ ಜಾಗದಲ್ಲಿ ಎಲ್ಲಿಂದ ತರುವುದು? ನನ್ನ ಮಟ್ಟಿಗೆ ಇಡೀ ಹುಡುಕಾಟದ ನಿಜವಾದ ಪ್ರಶ್ನೆ ಇದೇ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಲೇಖನ ಈ ವಿಷಯದಲ್ಲಿ ಬಹಳ ಹೆಸರುವಾಸಿ. ಬಾಸ್ಟನ್ ಹತ್ತಿರದ ನ್ಯೂಟನ್ ಅನ್ನುವ ಊರಲ್ಲಿ, ಆಗ ತಾನೇ ಕೆಲಸ ಬದಲಾಯಿಸಿದವರನ್ನು ಅವರು ಮಾತಾಡಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಿಗೆ ಒಂದು ಪ್ರಶ್ನೆ ಕೇಳಿದರು: ಆ ಪರಿಚಯದವರನ್ನು ನೀವು ಆಗ ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ? ಆಗಾಗ ಭೇಟಿಯಾಗುತ್ತಿದ್ದೆವು ಅಂದವರು ಶೇಕಡಾ 17ರಷ್ಟು ಮಾತ್ರ. ಶೇಕಡಾ 28ರಷ್ಟು ಜನ ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಕಮ್ಮಿ ಅಂದರು. ಉಳಿದವರೆಲ್ಲ ಇವೆರಡರ ನಡುವಿನವರು. ಅಂದರೆ ಕೆಲಸದ ಸುದ್ದಿ ತಂದವರು ಜೀವದ ಗೆಳೆಯರಲ್ಲ. ಹಳೆಯ ಸಹೋದ್ಯೋಗಿ, ಹಿಂದೊಮ್ಮೆ ಮೇಲಧಿಕಾರಿಯಾಗಿದ್ದವರು, ಎಲ್ಲೋ ಅಪರೂಪಕ್ಕೆ ಸಿಗುವವರು. ಕಾರಣ ಸರಳವಾಗಿದೆ. ನಮ್ಮ ಹತ್ತಿರದವರಿಗೆ ಗೊತ್ತಿರುವುದು ಹೆಚ್ಚು ಕಮ್ಮಿ ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಜನರ ನಡುವೆ ಓಡಾಡುತ್ತಿರುತ್ತಾರೆ. ಹೊಸ ಸುದ್ದಿ ಇರುವುದು ಅವರ ಹತ್ತಿರ.

ಕೆಲಸದ ಪರಿಚಯಗಳಿಗಾಗಿ ಇರುವ ಲಿಂಕ್ಡ್‌ಇನ್ ಸೈಟಿನಲ್ಲಿ 2 ಕೋಟಿ ಜನರ ಮೇಲೆ 5 ವರ್ಷ ಕಾಲ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಬಂತು. ಈ ಮಾತನ್ನು ಅದು ಬಹುಮಟ್ಟಿಗೆ ಒಪ್ಪಿತು, ಜೊತೆಗೆ ಒಂದು ತಿದ್ದುಪಡಿಯನ್ನೂ ಮಾಡಿತು. ಹೆಚ್ಚು ನೆರವಾದವರು ತೀರಾ ಹತ್ತಿರದವರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ನಡುವಿನವರು. ಅವರಿಗೂ ನಮಗೂ ಗೊತ್ತಿರುವ ಕೆಲವರು ಇರುತ್ತಾರಲ್ಲ, ಆ ಮಟ್ಟದ ಪರಿಚಯ.

ಊರು ಬಿಟ್ಟವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ಹೊಸ ರಾಜ್ಯದಲ್ಲಿ ಜೀವದ ಗೆಳೆಯರನ್ನು ಮಾಡಿಕೊಳ್ಳಲು ವರ್ಷಗಳು ಬೇಕು. ಆದರೆ ನಡುವಿನ ಪರಿಚಯ ಬೇಗ ಆಗುತ್ತದೆ. ಅದೂ ಅಲ್ಲದೆ ಹಳೆಯ ಜಾಗದ ಅರೆಪರಿಚಯದವರು ನಮ್ಮನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲ. ಅವರು ಇರುವುದು ದೂರದಲ್ಲಿ ಅಷ್ಟೇ. ಅವರಿಗೆ ಈ ಹೊಸ ಊರಲ್ಲಿ ಯಾರಾದರೂ ಗೊತ್ತಿರಬಹುದು. ನಮ್ಮ ಹಳೆಯ ಆಡಿಟರ್‌ಗೆ ಬೇರೆ ಬೇರೆ ರಾಜ್ಯಗಳಲ್ಲಿ ಜೊತೆಗೆ ಓದಿದವರಿದ್ದರು. ನಮಗೆ ಮಾಲು ಕಳಿಸುತ್ತಿದ್ದ ಒಂದು ಕಂಪನಿಯ ಶಾಖೆ ನಾನು ಬಂದ ಊರಲ್ಲೇ ಇತ್ತು. ಇದೆಲ್ಲ ಕೂತು ಯೋಚಿಸಿ ಪಟ್ಟಿ ಮಾಡಿದರೆ ಮಾತ್ರ ನೆನಪಾಗುವ ವಿಷಯ.

ಇಂಥವರಿಗೆ ಬರೆಯಲು ಮುಜುಗರವಾಗುತ್ತದೆ. ಇಷ್ಟು ದಿನ ಮಾತಾಡಿಸದೆ ಈಗ ಕೆಲಸಕ್ಕಾಗಿ ನೆನಪಾಯಿತಾ ಅಂದುಕೊಳ್ಳುತ್ತಾರೆ ಅನ್ನುವ ಸಂಕೋಚ. ನನ್ನ ಅನುಭವದಲ್ಲಿ ಯಾರೂ ಹಾಗೆ ಅಂದುಕೊಳ್ಳಲಿಲ್ಲ. ಆದರೆ ಏನು ಕೇಳುತ್ತೇವೆ ಅನ್ನುವುದರ ಮೇಲೆ ತುಂಬಾ ನಿಂತಿದೆ. ‘ಒಂದು ಕೆಲಸ ನೋಡಿ ಸರ್’ ಅಂತ ಬರೆದರೆ ಅವರ ಮೇಲೆ ಭಾರ ಹಾಕಿದ ಹಾಗೆ. ಕೊಡಲು ಕೈಯಲ್ಲಿ ಕೆಲಸ ಇಲ್ಲದವರು ಏನು ಉತ್ತರ ಕೊಡುವುದು ಅಂತ ತಿಳಿಯದೆ ಸುಮ್ಮನಾಗುತ್ತಾರೆ. ಅದರ ಬದಲು ಉತ್ತರಿಸಲು ಸುಲಭವಾದದ್ದನ್ನು ಕೇಳಬೇಕು. ‘ನಾನು ಈ ಊರಿಗೆ ಬಂದಿದ್ದೇನೆ. ಇಲ್ಲಿ ಅಕೌಂಟ್ಸ್ ಕೆಲಸದಲ್ಲಿರುವವರು ನಿಮಗೆ ಯಾರಾದರೂ ಗೊತ್ತಿದ್ದರೆ ಪರಿಚಯ ಮಾಡಿಸುತ್ತೀರಾ? ಇಲ್ಲಿನ ಕಂಪನಿಗಳು ಏನು ನೋಡುತ್ತವೆ ಅಂತ ಕೇಳಿ ತಿಳಿದುಕೊಳ್ಳಬೇಕಿತ್ತು.’ ಇದಕ್ಕೆ ಹೌದು ಅನ್ನಲು ಯಾರಿಗೂ ಕಷ್ಟವಿಲ್ಲ. ಹಾಗೆ ಪರಿಚಯವಾದವರ ಜೊತೆ ಮಾತಾಡುವಾಗಲೂ ಕೆಲಸ ಕೇಳಬೇಕಾಗಿಲ್ಲ. ಇಲ್ಲಿ ಯಾವ ಸಾಫ್ಟ್‌ವೇರ್ ಜಾಸ್ತಿ ಬಳಸುತ್ತಾರೆ, ಖಾಲಿ ಜಾಗಗಳ ಸುದ್ದಿ ಎಲ್ಲಿ ಬರುತ್ತದೆ, ಯಾವ ಕಂಪನಿಯಲ್ಲಿ ಜನ ನಿಲ್ಲುವುದಿಲ್ಲ. ಹೀಗೆ ಕೇಳುತ್ತಾ ಹೋದರೆ ಮಾತಿನ ಕೊನೆಗೆ ಅವರೇ ಇನ್ನೊಬ್ಬರ ಹೆಸರು ಹೇಳುತ್ತಾರೆ. ಮಾತಾಡಿದ ಮೇಲೆ ಒಂದು ಸಾಲಿನ ಧನ್ಯವಾದ, ಪರಿಚಯ ಮಾಡಿಸಿದವರಿಗೂ ಒಂದು ಸಾಲು. ಇಷ್ಟು ಸಣ್ಣ ವಿಷಯವನ್ನು ಜನ ಎಷ್ಟು ನೆನಪಿಡುತ್ತಾರೆ ಅಂದರೆ ನನಗೇ ಆಶ್ಚರ್ಯವಾಯಿತು.

ಇನ್ನು ರೆಸ್ಯೂಮ್. ಅದರಲ್ಲಿ ಹಳೆಯ ರಾಜ್ಯದ ವಿಳಾಸ ಇದ್ದರೆ ಎಚ್‌ಆರ್‌ನವರು ಇವರು ಬರುತ್ತಾರೋ ಇಲ್ಲವೋ, ಬರುವ ಖರ್ಚು ಕೇಳುತ್ತಾರೋ ಅಂತ ಯೋಚಿಸಿ ಪಕ್ಕಕ್ಕಿಡುತ್ತಾರೆ. ಈಗಾಗಲೇ ಬಂದು ನೆಲೆಸಿದ್ದೇನೆ, ಕರೆದ ದಿನ ಬರಬಲ್ಲೆ ಅನ್ನುವುದು ಮೇಲಿನ ಸಾಲಿನಲ್ಲೇ ಇರಬೇಕು. ಕೆಲಸದ ಸೈಟುಗಳಲ್ಲೂ ಊರಿನ ಹೆಸರು ಬದಲಾಯಿಸಬೇಕು. ಎಷ್ಟೋ ಕಂಪನಿಗಳು ಊರಿನ ಹೆಸರು ಹಾಕಿಯೇ ಹುಡುಕುತ್ತವೆ. ಹಳೆಯ ಕಂಪನಿ ಹೊಸಬರಿಗೆ ಗೊತ್ತಿಲ್ಲದ್ದಾದರೆ ಅದೇನು ಮಾಡುತ್ತದೆ, ಎಷ್ಟು ದೊಡ್ಡದು ಅಂತ ಒಂದು ಸಾಲಿನಲ್ಲಿ ಬರೆಯುವುದು ಒಳ್ಳೆಯದು. ಒಂದು ಊರಲ್ಲಿ ಎಲ್ಲರಿಗೂ ಗೊತ್ತಿರುವ ಕಂಪನಿಯ ಹೆಸರು ಇನ್ನೊಂದು ರಾಜ್ಯದಲ್ಲಿ ಬರೀ ಹೆಸರು ಅಷ್ಟೇ.

ಊರು ಬಿಡುವ ಮೊದಲೇ ಮಾಡಿ ಮುಗಿಸಬೇಕಾದ ಕೆಲಸವೂ ಇದೆ. ರಿಲೀವಿಂಗ್ ಲೆಟರ್, ಅನುಭವದ ಪತ್ರ, ಸಂಬಳದ ಚೀಟಿಗಳು ಕೈಯಲ್ಲಿರಬೇಕು. ದೂರದಿಂದ ಇವನ್ನು ತರಿಸಿಕೊಳ್ಳುವುದು ತಲೆನೋವು. ಅದಕ್ಕಿಂತ ಮುಖ್ಯ, ನಮ್ಮ ಬಗ್ಗೆ ಫೋನಿನಲ್ಲಿ ಮಾತಾಡಲು ಒಪ್ಪುವ ಒಂದಿಬ್ಬರು. ನಾನು ಹೊರಡುವ ಮೊದಲು ನನ್ನ ಮ್ಯಾನೇಜರ್ ಹತ್ತಿರ ನೇರವಾಗಿ ಕೇಳಿದ್ದೆ. ‘ಯಾರಾದರೂ ಫೋನ್ ಮಾಡಿದರೆ ಮಾತಾಡ್ತೀರಾ ಸರ್?’ ಅಂದೆ. ‘ಯಾವಾಗ ಬೇಕಾದರೂ ಮಾಡಲಿ ಮೇಡಂ’ ಅಂದರು. ಆ ಒಂದು ಮಾತು ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಹೊಸ ಊರಲ್ಲಿ ನನ್ನ ಕೆಲಸ ಕಂಡವರು ಇಲ್ಲದಿದ್ದರೇನು, ಕಂಡವರ ದನಿಯಾದರೂ ಅಲ್ಲಿಗೆ ತಲುಪಿತು.

ಕೆಲವು ವೃತ್ತಿಗಳಲ್ಲಿ ಇದು ಬರೀ ಪರಿಚಯದ ವಿಷಯವಲ್ಲ, ಕಾನೂನಿನ ವಿಷಯ. ಭಾರತದಲ್ಲಿ ನರ್ಸ್‌ಗಳು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ರಾಜ್ಯ ಬದಲಾದರೆ ಕಾಗದಪತ್ರದ ಓಡಾಟ ಮತ್ತೆ ಶುರು. ವಕೀಲರಿಗೆ ಹೆಸರು ನೋಂದಾಯಿಸುವುದು ರಾಜ್ಯದ ಬಾರ್ ಕೌನ್ಸಿಲ್ ಆದರೂ ದೇಶದ ಯಾವ ನ್ಯಾಯಾಲಯದಲ್ಲಾದರೂ ವಾದಿಸುವ ಹಕ್ಕು ಕೊಡುವ ಕಲಂ 2011ರಲ್ಲಿ ಜಾರಿಗೆ ಬಂತು. ವಕೀಲರ ಆ ಕಾನೂನು 1961ರದ್ದು, ಆ ಒಂದು ಕಲಂ ಜಾರಿಯಾಗಲು 50 ವರ್ಷ ಹಿಡಿಯಿತು. ಅಮೆರಿಕದಲ್ಲಿ ನರ್ಸ್‌ಗಳಿಗಾಗಿ ರಾಜ್ಯಗಳು ಸೇರಿ ಮಾಡಿಕೊಂಡ ಒಪ್ಪಂದ 2000ದಲ್ಲಿ ಶುರುವಾಯಿತು. ಅದಕ್ಕೆ ಸೇರಿದ ರಾಜ್ಯಗಳಲ್ಲಿ ಒಂದೇ ಲೈಸೆನ್ಸ್ ಸಾಕು, ಸೇರದ ರಾಜ್ಯಗಳಲ್ಲಿ ಸಾಲದು. ಆಸ್ಟ್ರೇಲಿಯಾ 1992ರಲ್ಲೇ ಒಂದು ರಾಜ್ಯದ ನೋಂದಣಿಯನ್ನು ಇನ್ನೊಂದು ರಾಜ್ಯ ಒಪ್ಪುವ ಕಾನೂನು ಮಾಡಿತು. ಇಂಥ ವೃತ್ತಿಯವರು ಮನೆ ಬದಲಾಯಿಸುವ ದಿನಕ್ಕಿಂತ ಎಷ್ಟೋ ಮುಂಚೆಯೇ ಅರ್ಜಿ ಹಾಕಿಬಿಡುವುದು ಕ್ಷೇಮ. ಹತ್ತಾರು ವರ್ಷ ರೋಗಿಗಳನ್ನು ನೋಡಿಕೊಂಡ ನರ್ಸ್ ಒಬ್ಬರು ರಾಜ್ಯದ ಗಡಿ ದಾಟಿದ ಮಾತ್ರಕ್ಕೆ ಸುಮ್ಮನೆ ಮನೆಯಲ್ಲಿ ಕೂರಬೇಕಾಗುವುದು ನನಗೆ ಸರಿ ಕಾಣುವುದಿಲ್ಲ. ರೋಗಿಯ ಮೈ ಎಲ್ಲ ರಾಜ್ಯದಲ್ಲೂ ಒಂದೇ ಅಲ್ವಾ?

ಇಂಟರ್‌ವ್ಯೂಗಳಲ್ಲಿ ಬೇರೆ ರಾಜ್ಯದಿಂದ ಬಂದವರಿಗೆ ಒಂದು ಪ್ರಶ್ನೆ ಖಂಡಿತ ಬರುತ್ತದೆ. ‘ಯಾಕೆ ಬಂದಿರಿ? ಎಷ್ಟು ದಿನ ಇರ್ತೀರಿ?’ ಕೇಳುವವರ ಭಯ ಅರ್ಥವಾಗುವಂಥದ್ದೇ. ಕಲಿಸಿ ತಯಾರು ಮಾಡುವಷ್ಟರಲ್ಲಿ ಇವರು ವಾಪಸ್ ಹೋದರೆ? ಇದಕ್ಕೆ ಉದ್ದ ಕತೆ ಬೇಡ. ನಾನು ಇದ್ದದ್ದನ್ನೇ ಹೇಳುತ್ತಿದ್ದೆ. ಕುಟುಂಬ ಇಲ್ಲಿಗೆ ಬಂದಿದೆ, ಮಗಳ ಶಾಲೆ ಇಲ್ಲಿ, ಇಲ್ಲೇ ಇರುವ ಯೋಚನೆ. ಆಮೇಲೆ ತಕ್ಷಣ ಕೆಲಸದ ಮಾತಿಗೆ ಬರುತ್ತಿದ್ದೆ. ಭಾಷೆಯ ಪ್ರಶ್ನೆಯೂ ಬರುತ್ತದೆ. ಅಲ್ಲಿನ ಭಾಷೆ ಪೂರ್ತಿ ಬರಬೇಕು ಅಂತ ಯಾರೂ ಕೇಳಲಿಲ್ಲ. ಕಲಿಯುತ್ತಿದ್ದೇನೆ ಅನ್ನುವುದನ್ನು ಅವರದೇ ಭಾಷೆಯಲ್ಲಿ, ತಡವರಿಸುತ್ತಲಾದರೂ ಹೇಳಿದಾಗ ಎದುರಿಗಿದ್ದವರ ಮುಖ ಬೇರೆಯೇ ಆಗುತ್ತಿತ್ತು. ಅದನ್ನು ನಾನು ಉಪಾಯವಾಗಿ ಹೇಳುತ್ತಿಲ್ಲ. ಒಂದು ಜಾಗದಲ್ಲಿ ದುಡಿಯಬೇಕು ಅಂದಮೇಲೆ ಅಲ್ಲಿನ ಜನರ ಮಾತು ಕಲಿಯುವುದು ಮರ್ಯಾದೆ ಅಂತ ನಂಬಿದವಳು ನಾನು.

ಸಂಬಳದ ಬಗ್ಗೆ ಇಷ್ಟೇ ಹೇಳುತ್ತೇನೆ: ಹಳೆಯ ಸಂಬಳವನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ಹೊಸ ಊರಿನ ಬಾಡಿಗೆ, ಓಡಾಟದ ಖರ್ಚು, ಅಲ್ಲಿ ಈ ಕೆಲಸಕ್ಕೆ ಕೊಡುವ ದರ ಇವನ್ನು ಮೊದಲೇ ತಿಳಿದುಕೊಂಡು ಮಾತಿಗೆ ಕೂರಿ.

ಇನ್ನು ಆ ಖಾಲಿ ದಿನಗಳು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮರಿಯೆಂತಾಲ್ ಅನ್ನುವ ಊರಿತ್ತು. ಇಡೀ ಊರು ಒಂದು ಬಟ್ಟೆ ಗಿರಣಿಯನ್ನು ನಂಬಿಕೊಂಡಿತ್ತು. ಗಿರಣಿ ಮುಚ್ಚಿ ಹೆಚ್ಚು ಕಮ್ಮಿ ಎಲ್ಲರ ಕೆಲಸವೂ ಹೋಯಿತು. 1930ರ ದಶಕದ ಶುರುವಿನಲ್ಲಿ ಸಂಶೋಧಕರಾದ ಮರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಝೈಸೆಲ್ ತಮ್ಮ ಜೊತೆಗಾರರೊಂದಿಗೆ ಅಲ್ಲಿಗೆ ಹೋಗಿ ಜನರ ಬದುಕನ್ನು ಹತ್ತಿರದಿಂದ ನೋಡಿದರು. ಜನರ ಕೈಯಲ್ಲಿ ಈಗ ಬೇಕಾದಷ್ಟು ಸಮಯವಿತ್ತು. ಓದಬಹುದಲ್ಲ ಅಂದುಕೊಳ್ಳುತ್ತೇವೆ. ಆದರೆ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಹೆಚ್ಚುವ ಬದಲು ಅರ್ಧದಷ್ಟು ಇಳಿದಿತ್ತು. ಅದೂ ಶುಲ್ಕ ತೆಗೆದುಹಾಕಿದ ಮೇಲೆ! ಗಂಡಸರ ನಡಿಗೆ ನಿಧಾನವಾಗಿತ್ತು, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಇವತ್ತು ಏನು ಮಾಡಿದಿರಿ ಅಂತ ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಹೆಂಗಸರಿಗೆ ಸಂಬಳದ ಕೆಲಸ ಹೋಗಿದ್ದರೂ ಮನೆಗೆಲಸ ಇತ್ತು, ಅವರ ನಡಿಗೆ ಚುರುಕಾಗಿಯೇ ಇತ್ತು. ಕೆಲಸ ಸಂಬಳವನ್ನಷ್ಟೇ ಕೊಡುವುದಿಲ್ಲ ಅಂತ ಯಹೋಡಾ ಮುಂದೆ ಬರೆದರು. ದಿನಕ್ಕೆ ಒಂದು ಕ್ರಮ ಕೊಡುತ್ತದೆ, ಮನೆಯ ಹೊರಗಿನ ಜನರನ್ನು ಕೊಡುತ್ತದೆ, ಎಲ್ಲರೂ ಸೇರಿ ಏನೋ ಮಾಡುತ್ತಿದ್ದೇವೆ ಅನ್ನುವ ಭಾವ ಕೊಡುತ್ತದೆ, ನಾನು ಇಂಥವಳು ಅಂತ ಹೇಳಿಕೊಳ್ಳಲು ಒಂದು ಗುರುತು ಕೊಡುತ್ತದೆ.

ಇದನ್ನು ಓದುವಾಗ ನನಗೆ ಕಣ್ಣು ತುಂಬಿ ಬಂತು. ಹೊಸ ಊರಲ್ಲಿ ಯಾರಾದರೂ ‘ನೀವೇನು ಮಾಡ್ತೀರಿ?’ ಅಂತ ಕೇಳಿದಾಗ ತಡವರಿಸುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಅದಾದ ಮೇಲೆ ದಿನದ ಹೊತ್ತನ್ನು ಗಟ್ಟಿಯಾಗಿ ಹಿಡಿದೆ. ಬೆಳಗಿನ ಕೆಲವು ಗಂಟೆ ಅರ್ಜಿ, ಫೋನು, ಪತ್ರಕ್ಕೆ. ಮಧ್ಯಾಹ್ನ ಹೊಸದೇನಾದರೂ ಕಲಿಯುವುದು. ಸಂಜೆ ಮನೆಯಿಂದ ಹೊರಗೆ ಹೋಗಲೇಬೇಕು, ಜನರಿರುವ ಕಡೆಗೆ. ಸಂಜೆಯ ಮೇಲೆ ಮೇಲ್ ತೆರೆಯಬಾರದು. ಉತ್ತರ ಬಂತಾ ಅಂತ ರಾತ್ರಿ ಹನ್ನೊಂದಕ್ಕೆ ನೋಡಿದರೆ ನಿದ್ದೆ ಕೆಡುತ್ತದೆ ಅಷ್ಟೇ, ಉತ್ತರ ಬೇಗ ಬರುವುದಿಲ್ಲ.

ಬರೆಯುವುದರಿಂದಲೂ ಉಪಯೋಗವಿದೆ. ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಕೆಲಸ ಕಳೆದುಕೊಂಡ ವೃತ್ತಿಪರರಲ್ಲಿ ಕೆಲವರಿಗೆ, ಆ ಬಗ್ಗೆ ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ದಿನಕ್ಕೆ 20 ನಿಮಿಷದಂತೆ 5 ದಿನ ಬರೆಯಲು ಹೇಳಿದರು. ಹಾಗೆ ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತು. ಅವರೇನೂ ಹೆಚ್ಚು ಅರ್ಜಿ ಕಳಿಸಿರಲಿಲ್ಲ. ಮನಸ್ಸಿನ ಸಿಟ್ಟು ಕಾಗದಕ್ಕೆ ಇಳಿದಿದ್ದರಿಂದ ಇಂಟರ್‌ವ್ಯೂನಲ್ಲಿ ಅದು ಎದುರಿನವರಿಗೆ ಕಾಣಲಿಲ್ಲವೇನೋ. ಇದು ನನ್ನ ಊಹೆ. ನಾನೂ ಬರೆದೆ. ಬರೆದ ಹಾಳೆಗಳನ್ನು ಯಾರಿಗೂ ತೋರಿಸಿಲ್ಲ.

ಕಾಯುವುದಕ್ಕೂ ಒಂದು ಮಿತಿ ಇದೆ. ಅಮೆರಿಕದ 100 ನಗರಗಳ ನಿಜವಾದ ಕೆಲಸದ ಜಾಹೀರಾತುಗಳಿಗೆ ಸಂಶೋಧಕರು ಕಲ್ಪಿತ ರೆಸ್ಯೂಮ್‌ಗಳನ್ನು ಕಳಿಸಿ ನೋಡಿದ ಒಂದು ಅಧ್ಯಯನ 2013ರಲ್ಲಿ ಬಂತು. ಕೆಲಸವಿಲ್ಲದ ಅವಧಿ ಉದ್ದವಾದಷ್ಟೂ ಕರೆ ಬರುವುದು ಕಮ್ಮಿಯಾಗುತ್ತಿತ್ತು. ಈ ಇಳಿತ ಮುಖ್ಯವಾಗಿ ಮೊದಲ 8 ತಿಂಗಳಲ್ಲೇ ಆಗಿಹೋಗುತ್ತಿತ್ತು. ಅನ್ಯಾಯವೇ ಇದು. ಮನೆ ಬದಲಾಯಿಸಿ, ಮಗುವನ್ನು ಶಾಲೆಗೆ ಸೇರಿಸಿ, ಊರು ತಿಳಿದುಕೊಳ್ಳುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ. ಆ ಖಾಲಿ ಅವಧಿಗೆ ಕಾರಣ ಏನು ಅಂತ ರೆಸ್ಯೂಮ್‌ನಲ್ಲಿ ಒಂದು ಸಾಲು ಬರೆದರೆ ನೋಡುವವರು ತಾವೇ ಏನೋ ಊಹಿಸಿಕೊಳ್ಳುವುದು ತಪ್ಪುತ್ತದೆ. ಸಣ್ಣದಾದರೂ ಸರಿ, ಕೆಲವು ತಿಂಗಳ ಗುತ್ತಿಗೆ ಕೆಲಸ ಸಿಕ್ಕರೆ ತೆಗೆದುಕೊಳ್ಳುವುದು ಮೇಲು ಅಂತ ನಾನು ತೀರ್ಮಾನಿಸಿದ್ದು ಇದೇ ಕಾರಣಕ್ಕೆ. ಸಂಬಳ ಕಮ್ಮಿ, ಹುದ್ದೆಯ ಹೆಸರೂ ಸಣ್ಣದು. ಆದರೆ ಹೊಸ ರಾಜ್ಯದಲ್ಲಿ ನಮ್ಮ ಕೆಲಸವನ್ನು ಕಣ್ಣಾರೆ ಕಂಡ ಮೊದಲ ನಾಲ್ಕು ಜನ ಅಲ್ಲಿ ಸಿಗುತ್ತಾರೆ.

ನನಗೆ ಸಿಕ್ಕಿದ್ದೂ ಹಾಗೆಯೇ. ಹಳೆಯ ಆಡಿಟರ್ ಪರಿಚಯ ಮಾಡಿಸಿದವರೊಬ್ಬರು ಇನ್ನೊಬ್ಬರ ಹೆಸರು ಹೇಳಿದರು. ಅವರ ಆಫೀಸಿನಲ್ಲಿ ವರ್ಷದ ಕೊನೆಯ ಲೆಕ್ಕಕ್ಕೆ ಜನ ಬೇಕಿತ್ತು. ಸೇರಿದೆ. ಆ ಕೆಲಸ ಮುಗಿಯುವ ಹೊತ್ತಿಗೆ ಅಲ್ಲಿನ ಮೇಡಂ ತಾವಾಗಿಯೇ ಇನ್ನೊಂದು ಕಂಪನಿಗೆ ಫೋನ್ ಮಾಡಿದರು. ಈಗ ನಾನು ಇರುವುದು ಅಲ್ಲಿ.

ಇತ್ತೀಚೆಗೆ ನನಗೂ ಇಂಥ ಪತ್ರಗಳು ಬರುತ್ತವೆ. ಬೇರೆ ರಾಜ್ಯದಿಂದ ಬಂದಿದ್ದೇನೆ ಮೇಡಂ, ಒಂದು ಹತ್ತು ನಿಮಿಷ ಮಾತಾಡಬಹುದಾ ಅಂತ. ಕೆಲಸ ಕೊಡುವ ಅಧಿಕಾರ ನನ್ನ ಕೈಯಲ್ಲಿಲ್ಲ. ಆದರೂ ಮಾತಾಡುತ್ತೇನೆ. ನಿಮಗೂ ಬಂದಿರಬಹುದು, ಎಲ್ಲೋ ಇನ್‌ಬಾಕ್ಸ್‌ನಲ್ಲಿ ಉಳಿದಿರಬಹುದು. ದಯವಿಟ್ಟು ಒಂದು ಸಾಲು ಉತ್ತರ ಬರೆಯಿರಿ. ‘ನಮ್ಮಲ್ಲಿ ಈಗ ಖಾಲಿ ಇಲ್ಲ’ ಅಂತಲೇ ಬರೆಯಿರಿ, ಪರವಾಗಿಲ್ಲ. ಸಾಧ್ಯವಾದರೆ ಜೊತೆಗೆ ಇನ್ನೊಬ್ಬರ ಹೆಸರು ಕೊಡಿ.